ಡಿಜೆ ಗಾಡಿ ಕೊಳ್ಳುವ ಮುನ್ನ ಸೀಮೆಸುಣ್ಣ ಹಿಡಿಯಿರಿ

ಕನಕಪುರ ರಸ್ತೆಯ ಒಂದು ಕಲ್ಯಾಣ ಮಂಟಪ. ರಿಸೆಪ್ಷನ್ ಮುಗಿದಿದೆ. ಕೇಬಲ್ ಸುತ್ತಿ, ಬಾಕ್ಸ್‌ಗಳನ್ನು ಹೊರಗೆ ತರುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಬಂದಿದ್ದ ನಾಲ್ವರು ಹುಡುಗರಲ್ಲಿ ಇಬ್ಬರು ಊಟಕ್ಕೆ ಹೋದವರು ಪತ್ತೆಯಿಲ್ಲ. ಉಳಿದಿಬ್ಬರೇ 18 ಇಂಚಿನ ಬೇಸ್ ಸ್ಪೀಕರ್ ಬಾಕ್ಸನ್ನು ಗಾಡಿಗೆ ಏರಿಸಬೇಕು. ಯಾವ ಗಾಡಿ ಒಳ್ಳೆಯದು ಅನ್ನೋದು ಗೊತ್ತಾಗುವುದು ಆ ಹೊತ್ತಿನಲ್ಲಿ, ಶೋರೂಮಿನ ಎಸಿಯಲ್ಲಲ್ಲ.

ನಾನು ಕೀಬೋರ್ಡ್ ನುಡಿಸುತ್ತೇನೆ. ಮದುವೆ ಸೀಸನ್‌ನಲ್ಲಿ ಡಿಜೆ ಕೂಡ ಹೌದು. ಗಾಡಿ ತಗೋತೀನಿ ಅಂತ ಕೇಳಲು ಬರುವವರೆಲ್ಲ ಮೊದಲು ಮೈಲೇಜ್ ಕೇಳುತ್ತಾರೆ. ನಾನು ಅವರಿಗೆ ಸೀಮೆಸುಣ್ಣ ತನ್ನಿ ಎನ್ನುತ್ತೇನೆ.

ಮೊದಲು ತಾರಸಿ ಮೇಲೆ ಗಾಡಿ ಬರೆಯಿರಿ

ನೋಡಿಟ್ಟ ಗಾಡಿಯ ಹಿಂಭಾಗದ ಉದ್ದ ಅಗಲವನ್ನು ತಾರಸಿಯ ಮೇಲೆ ಅದೇ ಅಳತೆಗೆ ಬರೆಯಿರಿ. ಟಾಟಾ ಏಸ್ ಆದರೆ ಸುಮಾರು ಏಳು ಅಡಿ ಉದ್ದ, ಐದು ಅಡಿಗೆ ತುಸು ಕಡಿಮೆ ಅಗಲ. ಬೊಲೆರೊ ಪಿಕಪ್ ಆದರೆ ಉದ್ದ ಎಂಟು ಅಡಿ ದಾಟುತ್ತದೆ. ಈಗ ನಿಮ್ಮ ಸಾಮಾನನ್ನೆಲ್ಲ ಆ ಗೆರೆಯೊಳಗೆ ಜೋಡಿಸಿ. ಸುಮ್ನೆ ಲೆಕ್ಕ ಹಾಕಬೇಡಿ, ನಿಜವಾಗಿಯೂ ಹೊತ್ತು ತಂದು ಇಡಿ.

ಆಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನಮ್ಮ ಕಸುಬಿನಲ್ಲಿ ಭಾರ ದೊಡ್ಡ ಸಮಸ್ಯೆಯೇ ಅಲ್ಲ. ತಲಾ 20 ಕಿಲೋದ ಎರಡು ಟಾಪ್ (ಮೇಲಿಡುವ ಸ್ಪೀಕರ್), 45-50 ಕಿಲೋದ ಎರಡು ಬೇಸ್, ಮಿಕ್ಸರ್, ಸ್ಟ್ಯಾಂಡ್, ಲೈಟು, ಕೇಬಲ್ ಪೆಟ್ಟಿಗೆ ಎಲ್ಲ ಸೇರಿದರೂ 250 ಕಿಲೋ ಆಸುಪಾಸು. ಸಣ್ಣ ಗೂಡ್ಸ್ ಗಾಡಿಗೂ ಇದು ಲೆಕ್ಕಕ್ಕಿಲ್ಲ. ಕಾಟ ಕೊಡುವುದು ಆಕಾರ. 88 ಕೀಯ ಕೀಬೋರ್ಡ್ ಕೇಸ್ ಸೇರಿ ನಾಲ್ಕೂವರೆ ಅಡಿ, ಮೇಲೆ ಏನೂ ಹೇರುವಂತಿಲ್ಲ. ಡ್ರಮ್ ಸೆಟ್ಟಿನ 22 ಇಂಚಿನ ಕಿಕ್ ಡ್ರಮ್ ದುಂಡಗಿರುವುದರಿಂದ ಸುತ್ತಲಿನ ಜಾಗವೆಲ್ಲ ದಂಡ. ಕಡೆಗೆ ಮಡಚಿದ ಸ್ಟ್ಯಾಂಡ್‌ಗಳನ್ನು ಎಲ್ಲಿ ತೂರಿಸೋದು ಅನ್ನುವುದೇ ಪ್ರಶ್ನೆಯಾಗುತ್ತದೆ.

ಜೋಡಿಸಿದ ಮೇಲೆ ಒಂದು ಮೂಲೆಯಲ್ಲಿ ಎರಡಡಿ ಖಾಲಿ ಉಳಿಯಲೇಬೇಕು. ಮುಂದಿನ ವರ್ಷ ಇನ್ನೊಂದು ಬಾಕ್ಸ್ ಕೊಳ್ಳುತ್ತೀರಿ, ಅಲ್ವಾ?

ಆಮೇಲೆ ಸೊಂಟಕ್ಕೆ ಟೇಪು ಹಿಡಿಯಿರಿ

ಗಾಡಿಯ ಹಿಂಬದಿ ನೆಲ ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ? ಈ ಅಳತೆಯನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಇದೇ ಮುಖ್ಯ. ಬೇಸ್ ಬಾಕ್ಸಿನ ಹಿಡಿ ಪಕ್ಕದಲ್ಲಿರುತ್ತದೆ. ಇಬ್ಬರು ಹಿಡಿದರೆ ತೊಡೆಯ ಮಟ್ಟದವರೆಗೆ ಸಲೀಸಾಗಿ ಬರುತ್ತದೆ. ಅಲ್ಲಿಂದ ಸೊಂಟ ದಾಟಿಸಬೇಕಾದರೆ ಮೊಣಕಾಲು ಕೊಟ್ಟು ಮೇಲಕ್ಕೆ ನೂಕಬೇಕು. ಆ ಒಂದು ಕ್ಷಣದಲ್ಲೇ ಬೆನ್ನು ಹಿಡಿಯುವುದು, ಬೆರಳು ಸಿಕ್ಕಿಕೊಳ್ಳುವುದು. ನನ್ನ ಎಡಗೈ ಉಂಗುರದ ಬೆರಳು ಹೀಗೇ ಬಾಕ್ಸಿಗೂ ಗಾಡಿಯ ಕಬ್ಬಿಣದ ಅಂಚಿಗೂ ನಡುವೆ ಸಿಕ್ಕಿ, ಮೂರು ವಾರ ಕೀಬೋರ್ಡ್ ಮುಟ್ಟಲಾಗಲಿಲ್ಲ.

ಮಾರುತಿ ಈಕೊ ತರಹದ ವ್ಯಾನಿನ ನೆಲ ಪಿಕಪ್‌ಗಿಂತ ಕೆಳಗಿದೆ. ಎರಡೂ ಪಕ್ಕ ಜಾರುವ ಬಾಗಿಲು ಇರುವುದರಿಂದ ಮಲ್ಲೇಶ್ವರದ ಕ್ರಾಸುಗಳಲ್ಲಿ, ಚಿಕ್ಕಪೇಟೆಯ ಸಂದಿಗಳಲ್ಲಿ ಪಕ್ಕದಿಂದಲೇ ಸಾಮಾನು ಇಳಿಸಬಹುದು. ಹಿಂದಿನ ಬಾಗಿಲು ಮೇಲಕ್ಕೆ ಏಳುತ್ತದೆ, ಮಳೆ ಬಂದರೆ ಅದೇ ಕೊಡೆ. ಆದರೆ ಅಳತೆ ಮಾಡುವಾಗ ಬಾಗಿಲಿನ ಬಾಯಿಯನ್ನು ಅಳೆಯಿರಿ, ಒಳಗಿನ ಜಾಗವನ್ನಲ್ಲ. ಬಾಯಲ್ಲಿ ತೂರದ ಬಾಕ್ಸಿಗೆ ಹೊಟ್ಟೆ ದೊಡ್ಡದಿದ್ದು ಏನು ಬಂತು? ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಎಲ್ಲಿ ಕೂತಿದೆ ಎಂದೂ ನೋಡಿ.

ಪಿಕಪ್ಪೇ ಬೇಕೆಂದರೆ ಆರಡಿ ಉದ್ದದ ಗಟ್ಟಿ ಪ್ಲೈವುಡ್ ಹಲಗೆ, ಬಾಕ್ಸ್‌ಗಳಿಗೆ ಚಕ್ರ. ಈ ಖರ್ಚನ್ನು ಗಾಡಿಯ ಖರ್ಚಿನಲ್ಲೇ ಸೇರಿಸಿಕೊಳ್ಳಿ.

ಮಳೆ ಮತ್ತು ಬೇಸ್‌ಮೆಂಟ್

ಬೆಂಗಳೂರಿನಲ್ಲಿ ಏಪ್ರಿಲ್, ಮೇ ಎಂದರೆ ಮದುವೆ ಸೀಸನ್. ಸಂಜೆ ಧಾರಾಕಾರ ಮಳೆ ಸುರಿಯುವುದೂ ಆಗಲೇ. ತೆರೆದ ಗಾಡಿಗೆ ಟಾರ್ಪಾಲ್ ಸಾಕು ಎಂದು ನಾನೂ ನಂಬಿದ್ದೆ. ಟಾರ್ಪಾಲಿನಲ್ಲಿ ಸೂಜಿಮೊನೆಯಷ್ಟು ತೂತು. ಅದರಿಂದ ಒಂದೂವರೆ ಗಂಟೆ ತೊಟ್ಟಿಕ್ಕಿದ ನೀರು ಬಾಕ್ಸಿನ ಮರದ ಮೂಲೆಯನ್ನು ಉಬ್ಬಿಸಿತು. ಮಾರನೇ ದಿನ ಬೇಸ್ ಬಿಟ್ಟಾಗಲೆಲ್ಲ ಆ ಮೂಲೆ ಬರ್ರ್ ಎನ್ನುತ್ತಿತ್ತು. ಮುಚ್ಚಿದ ಗಾಡಿಗೆ ನನ್ನ ಓಟು.

ಹಾಗೆಂದು ಏಸ್ ಮೇಲೆ ಎತ್ತರದ ಡಬ್ಬ ಕಟ್ಟಿಸಿಬಿಡಬೇಡಿ. ಹೋಟೆಲ್, ಮಾಲ್, ಟೆಕ್ ಪಾರ್ಕ್‌ಗಳಲ್ಲಿ ಸರ್ವಿಸ್ ಲಿಫ್ಟ್ ಬೇಸ್‌ಮೆಂಟಿನಲ್ಲೇ ಇರುವುದು ಜಾಸ್ತಿ. ಬೇಸ್‌ಮೆಂಟಿನ ಬಾಗಿಲಲ್ಲಿ ನೇತಾಡುವ ಎತ್ತರ ಮಿತಿಯ ಪಟ್ಟಿಯ ಮೇಲೆ ಸಾಮಾನ್ಯವಾಗಿ 2.1 ಅಥವಾ 2.2 ಮೀಟರ್ ಎಂದು ಬರೆದಿರುತ್ತದೆ. ಈಕೊ ಎರಡು ಮೀಟರಿಗಿಂತ ಗಿಡ್ಡ, ತಲೆ ಬಗ್ಗಿಸದೆ ಒಳಗೆ ಹೋಗುತ್ತದೆ. ಟೆಂಪೊ ಟ್ರಾವೆಲರ್ ಹೋಗುವುದಿಲ್ಲ. ಆಗ ರಸ್ತೆಯಲ್ಲೇ ಸಾಮಾನು ಇಳಿಸಿ, ಸೆಕ್ಯುರಿಟಿಯವರ ಕೈಲಿ ಬೈಸಿಕೊಳ್ಳುತ್ತಾ, ಇಳಿಜಾರಿನಲ್ಲಿ ಬಾಕ್ಸ್ ತಳ್ಳಬೇಕು. ನೀವು ಜಾಸ್ತಿ ಪ್ರೋಗ್ರಾಂ ಮಾಡುವುದು ಕಾರ್ಪೊರೇಟ್ ಕಡೆಯೋ, ದೇವನಹಳ್ಳಿ ಸುತ್ತಿನ ರೆಸಾರ್ಟೋ, ಮಂಟಪಗಳೋ ಎಂದು ಡೈರಿ ತೆಗೆದು ಎಣಿಸಿ. ಎತ್ತರ ಅದರ ಮೇಲೆ ನಿಂತಿದೆ.

ಹುಡುಗರು ಎಲ್ಲಿ ಕೂರುತ್ತಾರೆ?

ಗೂಡ್ಸ್ ಗಾಡಿಯ ಹಿಂದೆ ಜನ ಕೂರುವಂತಿಲ್ಲ. ಏಸ್‌ನಲ್ಲಿ ಡ್ರೈವರ್ ಬಿಟ್ಟರೆ ಒಬ್ಬರಿಗೆ ಜಾಗ. ಮಿಕ್ಕವರು ಬೈಕಿನಲ್ಲಿ ಬರಬೇಕು, ರಾತ್ರಿ ಒಂದು ಗಂಟೆಗೆ ಬೈಕಿನಲ್ಲೇ ವಾಪಸ್ ಹೋಗಬೇಕು. ಇದನ್ನು ಯೋಚಿಸಿಯೇ ಗಾಡಿ ಆರಿಸಿ. ಡಿಜೆ ಕಂಟ್ರೋಲರ್, ಎರಡು ಟಾಪ್, ಒಂದು ಕೀಬೋರ್ಡ್ ಇಷ್ಟೇ ನಿಮ್ಮ ಸೆಟಪ್ ಆದರೆ ಐದು ಸೀಟಿನ ವ್ಯಾನ್ ಅಥವಾ ಹಿಂದಿನ ಸೀಟು ಮಡಚುವ ಎರ್ಟಿಗಾ ತರಹದ ಕಾರು ಸಾಕು. ಬೇಸ್ ದೊಡ್ಡದಿರುವ ಪ್ರೋಗ್ರಾಂಗೆ ಮಾತ್ರ ಗೂಡ್ಸ್ ಗಾಡಿ ಬಾಡಿಗೆಗೆ ಹಿಡಿಯಿರಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಗೂಡ್ಸ್ ಗಾಡಿಗೆ ಹಳದಿ ಬೋರ್ಡ್. ಗಾಡಿ, ಸಾಮಾನು ಸೇರಿದ ಒಟ್ಟು ತೂಕ 3,000 ಕಿಲೋ ಮೀರದಿದ್ದರೆ ಪರ್ಮಿಟ್ ಬೇಡ, ಆದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇಕೇ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನಿಮ್ಮ ಹತ್ತಿರ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ 7,500 ಕಿಲೋವರೆಗಿನ ಸಾಗಣೆ ಗಾಡಿಯನ್ನೂ ಓಡಿಸಬಹುದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿದೆ. ಗಾಡಿಗೇ ಸ್ಪೀಕರ್ ಗೋಡೆ ಕಟ್ಟಿ ಮೆರವಣಿಗೆ ಗಾಡಿ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ, ಹಾಗೆ ರೂಪ ಬದಲಿಸಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಗಾಡಿಯ ಇನ್ಶೂರೆನ್ಸ್ ಒಳಗಿನ ಸಾಮಾನಿಗೆ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಮಾಡಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಡಿ ನಂಬರ್ ಹಾಕಿ ಬಾಕಿ ಟ್ರಾಫಿಕ್ ದಂಡ, ಸಾಲದ ಬಾಕಿ ನೋಡಿಯೇ ಅಡ್ವಾನ್ಸ್ ಕೊಡಿ. ಕಳೆದ ಆರು ತಿಂಗಳಲ್ಲಿ ಬಾಡಿಗೆ ಗಾಡಿಗೆ ಕೊಟ್ಟ ದುಡ್ಡನ್ನೂ ಕೂಡಿ. ಅದು ಆರು ತಿಂಗಳ ಇಎಂಐಗಿಂತ ಕಡಿಮೆ ಇದ್ದರೆ ನಿಮಗೆ ಇನ್ನೂ ಗಾಡಿ ಬೇಕಿಲ್ಲ. ಬಾಡಿಗೆ ಗಾಡಿಯವನ ನಂಬರ್ ಸಾಕು.

ಬೇಕೇ ಬೇಕು ಅನಿಸಿದರೆ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಒಬ್ಬ ಹುಡುಗ, ಒಂದು ಬೇಸ್ ಬಾಕ್ಸ್ ಜೊತೆಗಿರಲಿ. ಶೋರೂಮಿನವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ಬಾಕ್ಸನ್ನು ಮೂರು ಸಲ ಹತ್ತಿಸಿ, ಮೂರು ಸಲ ಇಳಿಸಿ. ಆಮೇಲೆ ರೇಟು ಕೇಳಿ.