ತಾಮ್ರದ ಹೆಲ್ಮೆಟ್ ತೊಟ್ಟು ತಿಳಿನೀರಿನ ಬುಗ್ಗೆಗೆ ಇಳಿಯುವ ಕ್ರಮ

1830ರ ದಶಕದಲ್ಲಿ ಲಂಡನ್ನಿನ ಆಗಸ್ಟಸ್ ಸೀಬೆ ರೂಪಿಸಿದ ಹೆಲ್ಮೆಟ್ಟು ಮತ್ತು ಮುಚ್ಚಿದ ಉಡುಪಿನ ಜೋಡಿಯೇ ಮುಂದೆ ನೂರಕ್ಕೂ ಹೆಚ್ಚು ವರ್ಷ ನೀರಿನಡಿಯ ಕೆಲಸಕ್ಕೆ ಆಧಾರವಾಯಿತು. ಅಮೆರಿಕದ ನೌಕಾಪಡೆ 1916ರಲ್ಲಿ ಬಳಕೆಗೆ ತಂದ ಮಾರ್ಕ್ 5 ಕೂಡ ಅದೇ ವಂಶದ್ದು. ಇಂಥ ಹಳೆಯ ಸಲಕರಣೆಯನ್ನು ತೊಟ್ಟು ಇಳಿಯಲು ಬುಗ್ಗೆ ಅನುಕೂಲದ ಜಾಗ: ಅಲೆಯಿಲ್ಲ, ಲೋಹವನ್ನು ತಿನ್ನುವ ಉಪ್ಪಿಲ್ಲ, ಕೆಳಗಿರುವವರು ಮೇಲಿನವರ ಕಣ್ಣಿಗೆ ಕಾಣುತ್ತಾರೆ. ಆದರೆ ಆಳ ಕಡಿಮೆ ಎಂಬ ಕಾರಣಕ್ಕೆ ಅಪಾಯವೂ ಕಡಿಮೆ ಎಂದುಕೊಳ್ಳಬಾರದು. ಮೇಲ್ಮೈಯಿಂದ 10 ಮೀಟರಿಗೆ ಇಳಿಯುವಷ್ಟರಲ್ಲಿ ಒತ್ತಡ ಇಮ್ಮಡಿಯಾಗುತ್ತದೆ. ಮುಂದಿನ ಯಾವ 10 ಮೀಟರಿನಲ್ಲೂ ಅದು ಈ ಪ್ರಮಾಣದಲ್ಲಿ ಏರುವುದಿಲ್ಲ. ಆದ್ದರಿಂದ ಈ ಸಲಕರಣೆಯಲ್ಲಿ ಪಳಗಿದವರ ಕೈಕೆಳಗೆ ತರಬೇತಿ ಪಡೆದ ಮೇಲಷ್ಟೇ ಮುಂದೆ ಹೇಳುವುದನ್ನು ಅನುಸರಿಸಬೇಕು.

ಮೊದಲು ನೋಡಬೇಕಾದದ್ದು ಗಾಳಿ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವು. ದಡದಿಂದ ಹೆಲ್ಮೆಟ್ಟಿಗೆ ಗಾಳಿ ತರುವ ಕೊಳವೆ ಮೇಲೆಲ್ಲೋ ಒಡೆದಾಗ ಈ ವಾಲ್ವು ಕೈಕೊಟ್ಟರೆ ಹೆಲ್ಮೆಟ್ಟಿನೊಳಗಿನ ಗಾಳಿ ಮೇಲಕ್ಕೆ ನುಗ್ಗಿ, ಸುತ್ತಲಿನ ನೀರಿನ ಒತ್ತಡವೆಲ್ಲ ದೇಹವನ್ನು ಆ ಲೋಹದ ಬುರುಡೆಯೊಳಕ್ಕೆ ಅದುಮುತ್ತದೆ. ಐದು ಮೀಟರ್ ಆಳದಲ್ಲೂ ಇದು ಪ್ರಾಣಾಂತಿಕವಾಗಬಹುದು. ಪರೀಕ್ಷೆ ಸರಳ. ಕೊಳವೆ ಜೋಡಿಸುವ ಮೊದಲು ಹೆಲ್ಮೆಟ್ಟಿನ ಹಿಂಬದಿಯ ಗಾಳಿಯ ಬಾಯಿಗೆ ತುಟಿ ಹಚ್ಚಿ ಊದಿದರೆ ಗಾಳಿ ಸಲೀಸಾಗಿ ಒಳಹೋಗಬೇಕು, ಹೀರಿದರೆ ಎಳ್ಳಷ್ಟೂ ಬರಬಾರದು. ಒಳಗಿನ ಚರ್ಮ ಅಥವಾ ಸ್ಪ್ರಿಂಗಿನ ಬಗ್ಗೆ ಅನುಮಾನವಿದ್ದರೆ ಅಂದಿನ ಇಳಿತವನ್ನು ಕೈಬಿಡಬೇಕು. ಹೆಲ್ಮೆಟ್ಟು ಹಳೆಯದಾಗಿರಲಿ, ಅದರ ಅಂದವೇ ಅದು. ಗಾಳಿಯ ಕೊಳವೆ ಮಾತ್ರ ಹೊಸದೇ ಆಗಿರಬೇಕು.

ಗಾಳಿ ಕಳಿಸಲು ಕೈಪಂಪನ್ನು ತಿರುಗಿಸುವುದು ನೋಡಲು ಸೊಗಸು, ಆದರೆ ಅದಕ್ಕೆ ದಣಿಯದ ತೋಳುಗಳು ಬೇಕು. ಉಸಿರಾಟಕ್ಕೆಂದೇ ತಯಾರಾದ ಕಂಪ್ರೆಸರ್, ನಡುವೆ ಗಾಳಿ ಶೇಖರಿಸುವ ಟ್ಯಾಂಕ್, ಕಂಪ್ರೆಸರ್ ನಿಂತರೆ ಕೂಡಲೇ ತೆರೆಯಬಹುದಾದ ಮೀಸಲು ಸಿಲಿಂಡರ್ ಇರುವ ವ್ಯವಸ್ಥೆಯೇ ಮೇಲು. ಗಾಳಿ ಎಳೆಯುವ ಬಾಯಿ ಎಂಜಿನ್ನಿನ ಹೊಗೆಯಿಂದ ದೂರ, ಗಾಳಿ ಬೀಸಿ ಬರುವ ಕಡೆಗಿರಬೇಕು. ಹೆಲ್ಮೆಟ್ಟಿನಲ್ಲಿ ಬಿಟ್ಟ ಉಸಿರು ಅಲ್ಲೇ ಸುತ್ತುವುದರಿಂದ ಅದನ್ನು ತೊಳೆದು ಹೊರಹಾಕುವಷ್ಟು ಗಾಳಿ ಸತತವಾಗಿ ಹರಿಯಬೇಕು. ಕೆಲಸ ಮಾಡುವವರಿಗೆ ಇದು ನಿಮಿಷಕ್ಕೆ ಸುಮಾರು 125 ಲೀಟರ್, ಅದೂ ಅವರಿರುವ ಆಳದ ಒತ್ತಡದಲ್ಲಿ ಅಳೆದದ್ದು. ತಲೆ ಭಾರವಾಗಿ ಏದುಸಿರು ಬಂದರೆ ಕೆಲಸ ನಿಲ್ಲಿಸಿ ಗಾಳಿ ಹೆಚ್ಚಿಸಬೇಕು.

ಮಾರ್ಕ್ 5 ಸಲಕರಣೆಯ ಒಟ್ಟು ತೂಕ ಸುಮಾರು 86 ಕಿಲೋ. ಸಿಹಿನೀರು ಕಡಲಿನ ನೀರಿಗಿಂತ ಹಗುರವಾದ್ದರಿಂದ ಸಮುದ್ರಕ್ಕೆ ಸರಿಹೊಂದಿಸಿದ ಸೀಸದ ತೂಕದಲ್ಲಿ ಸುಮಾರು 4 ಕಿಲೋ ಇಳಿಸಬಹುದು. ಉಡುಪು ತೊಡುವವರು ಸ್ಟೂಲಿನ ಮೇಲೆ ಕುಳಿತೇ ಇರಬೇಕು, ಉಳಿದದ್ದನ್ನು ಇಬ್ಬರು ಸಹಾಯಕರು ಮಾಡಬೇಕು: ಸೋಪಿನ ನೀರು ಹಚ್ಚಿ ಕೈಗಳನ್ನು ರಬ್ಬರಿನ ಪಟ್ಟಿಯಿಂದ ಹೊರತರುವುದು, ಎದೆಕವಚದ ನಟ್ಟುಗಳನ್ನು ಸಮನಾಗಿ ಬಿಗಿಯುವುದು, ಕಾಲಿನ ಹಿಂದಿನ ಲೇಸುಗಳನ್ನು ಎಳೆದು ಕಟ್ಟುವುದು, ಹೆಲ್ಮೆಟ್ಟು ಮೇಲೇಳದಂತೆ ತೊಡೆಗಳ ನಡುವಿನ ಪಟ್ಟಿಯನ್ನು ಬಿಗಿಗೊಳಿಸುವುದು. ಗಾಳಿ ಹರಿಯುವ ಸದ್ದು ಕೇಳಿದ ಮೇಲೆಯೇ ಹೆಲ್ಮೆಟ್ಟನ್ನು ಇರಿಸಿ, ಎಂಟನೆಯ ಒಂದು ಸುತ್ತು ತಿರುಗಿಸಿ, ಹಿಂದಿನ ಚಿಲಕ ಹಾಕಬೇಕು. ಮುಖದ ಗಾಜು ಕಟ್ಟಕಡೆಗೆ.

ಏಣಿಯಿಂದ ಜಿಗಿಯಬಾರದು. ಹಗ್ಗ ಹಿಡಿದು ನಿಧಾನವಾಗಿ ಇಳಿಯುತ್ತ, ಆಳಕ್ಕೆ ತಕ್ಕಂತೆ ಗಾಳಿಯನ್ನು ಹೆಚ್ಚಿಸಬೇಕು. ಇಡೀ ವಿದ್ಯೆ ಇರುವುದು ಹೆಲ್ಮೆಟ್ಟಿನೊಳಗಿನ ಗಾಳಿಯನ್ನು ಹೊರಬಿಡುವ ವಾಲ್ವಿನಲ್ಲಿ: ಹೊರಗಿನ ಚಕ್ರವನ್ನು ತಿರುಗಿಸಿ ಅದರ ಬಿಗಿ ಹೊಂದಿಸಬಹುದು, ಗಾಳಿಯನ್ನು ಥಟ್ಟನೆ ಬಿಡಬೇಕಾದಾಗ ಒಳಗಿನ ಗುಂಡಿಯನ್ನು ಗದ್ದದಿಂದ ಒತ್ತಬಹುದು. ಉಡುಪು ಎದೆಯ ಮಟ್ಟದವರೆಗೆ ಮಾತ್ರ ಉಬ್ಬಿದ್ದು, ಕಾಲಿನ ಭಾಗ ಮೈಗೆ ಅಂಟಿಕೊಂಡಿದ್ದರೆ ಹದ ಸರಿಯಿದೆ. ಬಾಗಿ ಏನನ್ನೋ ಎತ್ತಲು ಹೋಗಿ ತಲೆ ಸೊಂಟಕ್ಕಿಂತ ಕೆಳಗಾದರೆ ಗಾಳಿ ಕಾಲಿಗೆ ಏರಿ, ಅಲ್ಲಿಂದ ಹೊರದಾರಿಯಿಲ್ಲದೆ, ದೇಹ ಕಾಲು ಮೇಲಾಗಿ ಸರ್ರನೆ ಮೇಲೆದ್ದುಬಿಡುತ್ತದೆ. ಆಗ ಉಸಿರು ಹಿಡಿದಿದ್ದರೆ ಕೆಲವೇ ಮೀಟರ್ ಏರಿದರೂ ಶ್ವಾಸಕೋಶ ಹರಿಯಬಹುದು. ಹೀಗಾಗಿ ಮಂಡಿಯೂರಿ ಕೂರಬೇಕೇ ಹೊರತು ಬಾಗಬಾರದು.

ತಿಳಿನೀರು ಕಣ್ಣನ್ನು ಮೋಸಗೊಳಿಸುತ್ತದೆ. ಚಪ್ಪಟೆ ಗಾಜಿನ ಹಿಂದಿನಿಂದ ವಸ್ತುಗಳು ಇರುವುದಕ್ಕಿಂತ ಕಾಲು ಭಾಗ ಹತ್ತಿರ ತೋರುತ್ತವೆ, ಆಳವೂ ಕಡಿಮೆಯೆನಿಸುತ್ತದೆ. ತಳದ ಹೂಳಿನ ಮೇಲೆ ಸೀಸದ ಬೂಟು ಊರಿದರೆ ಆ ತಿಳಿ ಕ್ಷಣದಲ್ಲಿ ಮಾಯವಾಗುವುದರಿಂದ ಮರಳು ಅಥವಾ ಬಂಡೆಯ ಮೇಲೆಯೇ, ಜಲಸಸ್ಯಗಳನ್ನು ಬಿಟ್ಟು, ಹರಿವಿಗೆ ಎದುರಾಗಿ ನಡೆಯಬೇಕು. ನೀರು ಹೊಮ್ಮುವ ಗವಿಯ ಬಾಯಿ ಎಷ್ಟೇ ಸೆಳೆದರೂ ಒಳಹೋಗಬಾರದು. ಕೊಳವೆ ಬಂಡೆಗೆ ಸಿಕ್ಕಿಕೊಂಡರೆ ನೇರವಾಗಿ ಮೇಲೇಳುವ ದಾರಿ ಅಲ್ಲಿಲ್ಲ.

ದೂರವಾಣಿ ಇದ್ದರೂ ಹಗ್ಗದ ಸಂಜ್ಞೆಗಳನ್ನು ಮೊದಲೇ ಒಪ್ಪಿಕೊಳ್ಳಬೇಕು. ಅಮೆರಿಕದ ನೌಕಾಪಡೆಯ ಪದ್ಧತಿಯಲ್ಲಿ ಮೇಲಿನಿಂದ ಒಂದು ಎಳೆತವೆಂದರೆ ಕ್ಷೇಮವೇ ಎಂಬ ಪ್ರಶ್ನೆ. ಕೆಳಗಿನಿಂದ ಒಂದು ಎಳೆತ ಅದಕ್ಕೆ ಉತ್ತರ, ನಾಲ್ಕು ಎಳೆತ ಮೇಲೆತ್ತಿರಿ ಎಂಬ ಕೋರಿಕೆ. ಹಗ್ಗ ಹಿಡಿದವರು ಬೇರಾವ ಕೆಲಸಕ್ಕೂ ಕೈಹಾಕಬಾರದು, ಸ್ಕೂಬಾ ತೊಟ್ಟ ಒಬ್ಬರು ದಡದಲ್ಲಿ ಸಿದ್ಧರಿರಬೇಕು.

ಏಣಿ ಹತ್ತಿ, ಸ್ಟೂಲಿನ ಮೇಲೆ ಕೂರಿಸಿ, ಮುಖದ ಗಾಜು ತೆರೆದ ಮೇಲಷ್ಟೇ ಗಾಳಿ ನಿಲ್ಲಿಸಬೇಕು. ಉಡುಪನ್ನು ಒಳಹೊರಗೆ ನೆರಳಿನಲ್ಲಿ ಒಣಗಿಸಿ, ಮಡಿಸದೆ ತೂಗುಹಾಕಿ, ವಾಲ್ವುಗಳನ್ನು ಬಿಚ್ಚಿ ಒರೆಸಿಡಬೇಕು.