ಪಂಚಾಂಗ ನೋಡಿ ಬೊರೆಗೊ ಸ್ಪ್ರಿಂಗ್ಸ್‌ಗೆ ಹೋದರೆ

ಸ್ಯಾನ್ ಡಿಯಾಗೊ ಕಡೆಯ ನಮ್ಮವರಲ್ಲಿ ಬೊರೆಗೊ ಸ್ಪ್ರಿಂಗ್ಸ್ ಅನ್ನೋ ಮರಳುಗಾಡಿನ ಊರು ನೋಡದವರು ಕಡಿಮೆ. ನೋಡಿದವರೆಲ್ಲ ಹೇಳೋದೂ ಒಂದೇ ಮಾತು: ಮಾರ್ಚ್‌ನಲ್ಲಿ ಹೂವು ಅರಳಿದಾಗ ಹೋಗಿ, ಬೇರೆ ದಿನ ಅಲ್ಲಿ ಮಣ್ಣು ಬಿಟ್ಟರೆ ಏನೂ ಇಲ್ಲ. ನಾನು ಇದನ್ನು ಸುತರಾಂ ಒಪ್ಪೋದಿಲ್ಲ. ಈ ಊರಿಗೆ ಹೋಗೋದಾದರೆ ಹೂವು ನೋಡಿಕೊಂಡಲ್ಲ, ಪಂಚಾಂಗ ನೋಡಿಕೊಂಡು ಹೋಗಬೇಕು.

ಹೂವಿನ ಕಾಲದ ಪಾಡು ಅನುಭವಿಸಿಯೇ ಹೇಳ್ತಿದ್ದೇನೆ. 2017ರ ಮಾರ್ಚ್‌ನಲ್ಲಿ ಊರಿಗೆ ಹೋಗೋ ಎಸ್-22 ರಸ್ತೆಯ ಘಟ್ಟ ಇಳಿಯೋಕೇ ಅರ್ಧ ದಿನ ಹೋಯಿತು. ಕೆಳಗಿಳಿದರೆ ಹೋಟೆಲುಗಳಲ್ಲಿ ಊಟ ಖಾಲಿ, ಬಂಕ್ ಮುಂದೆ ಕಾರುಗಳ ಸಾಲು. ಮೂರು ಸಾವಿರ ಚಿಲ್ಲರೆ ಜನರಿರೋ ಊರಿಗೆ ಅಷ್ಟು ಜನ ನುಗ್ಗಿದರೆ ಇನ್ನೇನಾಗುತ್ತೆ? 2019ರಲ್ಲಿ ಬುದ್ಧಿವಂತಿಕೆಯಿಂದ ರೂಮು ಮೊದಲೇ ಹಿಡಿದಿದ್ದೆವು. ವಾರ ಇರುವಾಗ ಆ ಮೋಟೆಲಿನವರು ಬುಕಿಂಗ್ ರದ್ದು ಮಾಡಿ, ಅದೇ ರೂಮಿಗೆ ರಾತ್ರಿಗೆ ಮುನ್ನೂರು ಡಾಲರ್ ಹತ್ತಿರ ಕೇಳಿದರು. ಅಲ್ಲಿಗೆ ಹೂವಿನ ಸಹವಾಸ ಸಾಕಾಯಿತು.

2023ರಲ್ಲಿ ಶಿವರಾತ್ರಿ ಫೆಬ್ರವರಿ 18, ಶನಿವಾರ ಬಿತ್ತು. ಸೋಮವಾರ ಪ್ರೆಸಿಡೆಂಟ್ಸ್ ಡೇ ರಜೆ. ಶಿವರಾತ್ರಿ ಅಂದರೆ ಕೃಷ್ಣಪಕ್ಷದ ಚತುರ್ದಶಿ, ಇಡೀ ರಾತ್ರಿ ಚಂದ್ರನ ಕಾಟವಿಲ್ಲ. ಬೊರೆಗೊ ಸ್ಪ್ರಿಂಗ್ಸ್ 2009ರಲ್ಲೇ ಕ್ಯಾಲಿಫೋರ್ನಿಯಾದ ಮೊದಲ ಡಾರ್ಕ್ ಸ್ಕೈ ಊರು, ಅಂದರೆ ದೀಪದ ಬೆಳಕಿಗೆ ಕಡಿವಾಣ ಹಾಕಿ ರಾತ್ರಿ ಆಕಾಶ ಕತ್ತಲಾಗೇ ಉಳಿಸಿಕೊಂಡ ಊರು, ಅನಿಸಿಕೊಂಡಿದ್ದು; ಊರಲ್ಲಿ ಒಂದೇ ಒಂದು ಟ್ರಾಫಿಕ್ ಸಿಗ್ನಲ್ ಕೂಡ ಇಲ್ಲ. ಜಾಗರಣೆಗೆ ಇದಕ್ಕಿಂತ ಜಾಗ ಬೇಕಾ? ಗುಂಪಿನಲ್ಲಿ ಹೇಳಿದರೆ ಎಲ್ಲರೂ ಮೇಲೆ ಬಿದ್ದರು. ನಮ್ಮತ್ತೆಯವರಂತೂ, “ಶಿವರಾತ್ರಿ ದಿನ ದೇವಸ್ಥಾನ ಬಿಟ್ಟು ಮರಳುಗಾಡಿಗೆ ಹೋಗೋದುಂಟೇನ್ರೀ?” ಅಂದರು. ಕೊನೆಗೆ ನಾಲ್ಕು ಮನೆಯವರು ಹೊರಟೆವು, ಅತ್ತೆ-ಮಾವನೂ ಸೇರಿ.

ಊರಿನ ಸುತ್ತ ಇರೋ ಆನ್ಜಾ-ಬೊರೆಗೊ ಸ್ಟೇಟ್ ಪಾರ್ಕಿನೊಳಗೆ ದಾರಿ ಪಕ್ಕ ಪುಕ್ಕಟೆ ಟೆಂಟ್ ಹಾಕಬಹುದು, ಗೊತ್ತು. ಆದರೆ ಹಿರಿಯರಿದ್ದಾಗ ಶೌಚಾಲಯ, ಬಿಸಿನೀರು ಬೇಕೇ ಬೇಕು. ಅದಕ್ಕೆ ಪಾಮ್ ಕ್ಯಾನ್ಯನ್ ಕ್ಯಾಂಪ್‌ಗ್ರೌಂಡ್ ಹಿಡಿದೆವು. ಉಪವಾಸದ ದಿನವಾದ್ದರಿಂದ ಅಡುಗೆ ರಗಳೆಯೇ ಇಲ್ಲ: ತಂಬಿಟ್ಟು, ಅವಲಕ್ಕಿ, ಅಲ್ಲಿಯದೇ ಗ್ರೇಪ್‌ಫ್ರೂಟ್‌ಗೆ ಉಪ್ಪು-ಖಾರ. ಪೆಟ್ರೋಲೂ ಸೇರಿ ಮನೆಗೆ ಇನ್ನೂರು ಡಾಲರ್ ಆಸುಪಾಸು ಬಿತ್ತು. ಹೂವಿನ ಕಾಲದಲ್ಲಿ ಒಂದು ರಾತ್ರಿಯ ರೂಮಿಗೂ ಇದು ಸಾಲದು.

ಮೊದಲ ರಾತ್ರಿ ಗಾಳಿ ಎರಡು ಟೆಂಟ್ ಕೆಡವಿತು. ಮರಳಲ್ಲಿ ಗೂಟ ನಿಲ್ಲೋದಿಲ್ಲ. ಖಾಲಿ ಅಕ್ಕಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕಾಲುದ್ದ ಹೂತ ಮೇಲೆ ಅಲ್ಲಾಡಲಿಲ್ಲ.

ಹಗಲು ಊರು ಸುತ್ತಿದೆವು. ಗ್ಯಾಲೆಟಾ ಮೆಡೋಸ್ ಅನ್ನೋ ಬಯಲಲ್ಲಿ ನಿಲ್ಲಿಸಿರೋ ಕಬ್ಬಿಣದ ಪ್ರಾಣಿಶಿಲ್ಪಗಳನ್ನು ಕಾರೊಳಗಿಂದ ನೋಡಿ ಫೋಟೊ ಹಿಡಿದು ಹೋಗಬೇಡಿ, ಇಳಿದು ಹತ್ತಿರ ನಿಲ್ಲಿ. ಡೆನಿಸ್ ಏವರಿ ಅನ್ನೋ ಜಮೀನಿನ ಯಜಮಾನ ರಿಕಾರ್ಡೊ ಬ್ರೆಸೆಡಾ ಅನ್ನೋ ಶಿಲ್ಪಿ ಕೈಲಿ ಮಾಡಿಸಿದ್ದು. ಏವರಿ 2012ರಲ್ಲಿ ತೀರಿಕೊಂಡರೂ ಇವತ್ತಿಗೂ ಟಿಕೆಟ್ ಇಲ್ಲ, ಗೇಟ್ ಇಲ್ಲ. ರಸ್ತೆಯ ಈಚೆ ಮುಳುಗಿ ಆಚೆ ಏಳೋ ಸರ್ಪ ಸುಮಾರು 350 ಅಡಿ ಉದ್ದ. ಅದರ ಒಂದೊಂದು ಹುರುಪೆಯನ್ನೂ ಬೇರೆಬೇರೆ ಕತ್ತರಿಸಿ ಬೆಸುಗೆ ಹಾಕಿದ್ದಾರೆ. ಅಂಚು ಮುಟ್ಟಿದರೆ ಕೆಂಪು ತುಕ್ಕು ಬೆರಳಿಗೆ ಅಂಟುತ್ತೆ. ಮಾವ ಅದಕ್ಕೆ ವಾಸುಕಿ ಅಂತಲೇ ಹೆಸರಿಟ್ಟು ಪ್ರದಕ್ಷಿಣೆ ಹಾಕಿದರು. ಪಾಮ್ ಕ್ಯಾನ್ಯನ್‌ನ ತಾಳೆಗಳು 2020ರ ಬೆಂಕಿಯಲ್ಲಿ ಸುಟ್ಟಿದ್ದವು. ಕಾಂಡ ಇನ್ನೂ ಇದ್ದಲಿನ ಹಾಗೆ ಕಪ್ಪು, ತುದಿಯಲ್ಲಿ ಮಾತ್ರ ಹೊಸ ಹಸಿರು ಗರಿ.

ಪಕ್ಕದಲ್ಲೇ ನನ್ನದೊಂದು ಬೇರೆ ಪ್ರಯೋಗ ನಡೆದಿತ್ತು. ನಮ್ಮ ಮನೆ ಕಡಲ ಪಕ್ಕ, ಮಜ್ಜಿಗೆ ಮೆಣಸಿನಕಾಯಿ ಒಣಗೋಕೆ ವಾರ ಮೀರುತ್ತೆ, ಒಮ್ಮೊಮ್ಮೆ ಬೂಸ್ಟು. ನೆನೆಸಿದ್ದನ್ನು ಡಬ್ಬಿಯಲ್ಲಿ ತಂದು, ತೆಳು ಪಂಚೆ ಮುಚ್ಚಿ ಕಾರಿನ ಬಾನೆಟ್ ಮೇಲೆ ಹರವಿದೆ. ಎರಡು ಬಿಸಿಲಿಗೆ ಮುಕ್ಕಾಲು ಒಣಗಿತು. ಉಪ್ಪಿನ ಲೆಕ್ಕ ಮಾತ್ರ ಹೇಳೋದಿಲ್ಲ, ಅದು ನಮ್ಮಮ್ಮನ ಆಸ್ತಿ.

ಇನ್ನು ಜಾಗರಣೆ. ಕತ್ತಲಿಗೆ ಒಗ್ಗಿದ ಕಣ್ಣು ಕುಕ್ಕದಿರಲಿ ಅಂತ ಟಾರ್ಚಿಗೆಲ್ಲ ಕೆಂಪು ಕಾಗದ ಸುತ್ತಿದೆವು. ಸಂಜೆ ಪಡುವಣದಲ್ಲಿ ಶುಕ್ರ, ಅದರ ಮೇಲೆ ಗುರು. ಕತ್ತಲಾಗ್ತಿದ್ದ ಹಾಗೆ ನೆತ್ತಿಯ ಕಡೆಗೆ ಕೃತ್ತಿಕೆ, ರೋಹಿಣಿ, ಆಮೇಲೆ ಕೆಂಪಗೆ ಆರ್ದ್ರೆ. ಆರ್ದ್ರೆಗೆ ರುದ್ರನೇ ದೇವತೆ. ಶಿವರಾತ್ರಿ ದಿನ ಅದನ್ನು ಬರಿಗಣ್ಣಲ್ಲಿ ತೋರಿಸಿದಾಗ ಅತ್ತೆ ತಾವಾಗೇ ರುದ್ರ ಶುರು ಮಾಡಿದರು. ಒಂಬತ್ತು ಗಂಟೆ ಹೊತ್ತಿಗೆ ನಾನು ಕಾದಿದ್ದ ಅಗಸ್ತ್ಯ ನಕ್ಷತ್ರ ತೆಂಕಣ ಅಂಚಲ್ಲಿ ಸಿಕ್ಕಿತು. ಬೊರೆಗೊದಿಂದ ನೋಡಿದರೆ ಅದು ಅಂಚಿನ ಮೇಲೆ ಏರೋದೇ ಹೆಚ್ಚೆಂದರೆ ನಾಲ್ಕು ಡಿಗ್ರಿ, ಅಂದರೆ ಚಾಚಿದ ಕೈಯ ಎರಡು ಬೆರಳಷ್ಟು. ಬೆಟ್ಟ ಅಡ್ಡ ಬರದ ಜಾಗ ಹುಡುಕೋಕೆ ಹಗಲೇ ಓಡಾಡಿದ್ದೆ. ಆ ಜಾಗ ಯಾವುದು ಅಂತ ಇಲ್ಲಿ ಬರೆಯೋದಿಲ್ಲ, ಬರೆದರೆ ಅಲ್ಲೂ ಕಾರುಗಳ ಸಾಲೇ.

ಬೆಳಗಿನ ಜಾವ ಫಾಂಟ್ಸ್ ಪಾಯಿಂಟ್, ಮಣ್ಣುಗುಡ್ಡಗಳನ್ನು ಮೇಲಿಂದ ನೋಡೋ ಜಾಗ. ನಾಲ್ಕು ಮೈಲಿ ಮರಳಿನ ಹಾದಿ, ನಮ್ಮ ಸೆಡಾನ್‌ಗೆ ಆಗದು. ಜೀಪ್ ಟೂರ್‌ಗೆ ಆಗ ತಲೆಗೆ ನೂರು ಡಾಲರ್ ಮೇಲೆ ಕೇಳಿದರು. ಗುಂಪಿನಲ್ಲಿದ್ದ ಒಂದೇ ಒಂದು ಫೋರ್-ವೀಲ್ ಗಾಡಿಯ ಟೈರಿನ ಗಾಳಿ ಇಪ್ಪತ್ತು ಪಿಎಸ್‌ಐಗೆ ಇಳಿಸಿ, ಎರಡು ಸುತ್ತು ಹೊಡೆದು ಎಲ್ಲರನ್ನೂ ಮುಟ್ಟಿಸಿದೆವು. ಗಾಡಿ ಓಡಿಸುವವರಿಗೆ ಮಾತ್ರ ಜಾಗರಣೆ ಇಲ್ಲ, ಹತ್ತಕ್ಕೇ ಮಲಗಿಸಿದ್ದೆವು. ಬಿಸಿಲು ಬಿದ್ದ ಕೂಡಲೇ ಕೆಳಗಿನ ಮಣ್ಣುಗುಡ್ಡಗಳ ಮಡಿಕೆ ಮಡಿಕೆಗೂ ನೆರಳು ಎದ್ದಿತು, ಮೂಡಣಕ್ಕೆ ಸಾಲ್ಟನ್ ಸೀ ಅನ್ನೋ ಉಪ್ಪುನೀರಿನ ದೊಡ್ಡ ಸರೋವರ ಹೊಳೆಯಿತು. ಅಲ್ಲೇ ಪಾರಣೆ ಮಾಡಿದೆವು.

ದೇವಸ್ಥಾನ ಬಿಡೋದುಂಟಾ ಅಂದ ಅತ್ತೆಯವರೇ ಈಗ ಎಲ್ಲರಿಗೂ ಹೋಗಿ ಅಂತಾರೆ. ಹೊರಡೋರು ಪಂಚಾಂಗ ಇವತ್ತೇ ತೆಗೆಯಿರಿ. ಕ್ಯಾಂಪ್‌ಗ್ರೌಂಡ್ ಬುಕಿಂಗ್ ಆರು ತಿಂಗಳು ಮುಂಚೆ, ಬೆಳಗ್ಗೆ ಎಂಟಕ್ಕೆ ತೆರೆಯುತ್ತೆ; ರಜೆಯ ವಾರಾಂತ್ಯವಾದರೆ ಎಂಟೂಕಾಲಿಗೆ ಒಂದು ಜಾಗವೂ ಉಳಿದಿರೋದಿಲ್ಲ.