ಜಾಕೆಟ್ ಕೊಳ್ಳುವ ಮುನ್ನ ಒಳಜೇಬು ನೋಡಿ

ಅಮೆರಿಕದ ಹಳೆಯ ಸೇನಾ ಸಮವಸ್ತ್ರ ಸಂಗ್ರಹಿಸುವ ಆಸೆಯಿದ್ದರೆ ಎರಡನೇ ಮಹಾಯುದ್ಧದ ‘ಐಕ್ ಜಾಕೆಟ್’ನಿಂದ ಶುರುಮಾಡುವುದು ಒಳ್ಳೆಯದು. ಸೊಂಟದವರೆಗೆ ಮಾತ್ರ ಬರುವ ಈ ಉಣ್ಣೆಯ ಜಾಕೆಟ್ಟಿಗೆ ಜನರಲ್ ಐಸೆನ್‌ಹೋವರ್ ಅವರ ಅಡ್ಡಹೆಸರೇ ಅಂಟಿಕೊಂಡಿದೆ. ಯುದ್ಧ ಮುಗಿಸಿ ಊರಿಗೆ ಮರಳಿದ ಸೈನಿಕರಲ್ಲಿ ಅನೇಕರು ಇದನ್ನೇ ತೊಟ್ಟು ಬಂದದ್ದರಿಂದ ಈಗಲೂ ಸಾಕಷ್ಟು ಸಿಗುತ್ತದೆ.

ಮೊದಲು ಒಳಜೇಬಿಗೆ ಕೈಹಾಕಿ. ಅಲ್ಲಿ ಹೊಲಿದ ಬಟ್ಟೆಯ ಚೀಟಿಯಲ್ಲಿ ಉಡುಪಿನ ಹೆಸರು, ಅಳತೆ, ಗುತ್ತಿಗೆ ಸಂಖ್ಯೆ, ದಿನಾಂಕ ಇರುತ್ತವೆ. ಎಂ-1950 ಎಂದಿದ್ದರೆ ಅದು ಕೊರಿಯಾ ಯುದ್ಧದ ಕಾಲದ್ದು. ‘ನಮ್ಮಜ್ಜ 1944ರ ಜೂನ್ 6ರಂದು ಇದನ್ನೇ ತೊಟ್ಟು ನಾರ್ಮಂಡಿಯಲ್ಲಿ ಇಳಿದರು’ ಎಂದು ಯಾರಾದರೂ ಎಂ-1944 ಜಾಕೆಟ್ ತೋರಿಸಿದರೆ ನಕ್ಕು ಸುಮ್ಮನಾಗಿ. ಆ ಮಾದರಿ ಬಂದದ್ದೇ ದಾಳಿಯ ನಂತರ. ಒಳಮೈಯಲ್ಲಿ ಒಂದು ಅಕ್ಷರ, ನಾಲ್ಕು ಅಂಕಿಗಳ ಶಾಯಿ ಗುರುತು ಕಂಡರೆ, ಅಂದರೆ ‘ಎಸ್ 4127’ ಎಂಬಂಥದ್ದು ಸಿಕ್ಕರೆ, ಅದೃಷ್ಟ ನಿಮ್ಮದು. ಅದು ದೋಬಿ ಗುರುತು: ಸೈನಿಕನ ಕುಲನಾಮದ ಮೊದಲ ಅಕ್ಷರ ಮತ್ತು ಅವನ ಸೇನಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ.

ಇನ್ನು ತೋಳು. ಎಡಭುಜದಲ್ಲಿ ಅವನು ಆಗ ಇದ್ದ ದಳದ ಲಾಂಛನ, ಬಲಭುಜದಲ್ಲಿ ಮೊದಲು ಯುದ್ಧ ಮಾಡಿದ ದಳದ್ದು. ಎಡ ಮುಂಗೈ ಬಳಿಯ ಚಿಕ್ಕ ಚಿನ್ನದ ಬಣ್ಣದ ಪಟ್ಟಿಗಳಲ್ಲಿ ಒಂದೊಂದಕ್ಕೂ ಆರು ತಿಂಗಳ ವಿದೇಶ ಸೇವೆ ಎಂದು ಲೆಕ್ಕ. ಬಲಜೇಬಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದಿದ್ದರೆ ಅವನು ಗೌರವದಿಂದ ಬಿಡುಗಡೆಯಾದವನು. ಸೈನಿಕರು ಈ ಹದ್ದನ್ನು ಬಾತುಕೋಳಿ ಎಂದು ಗೇಲಿ ಮಾಡುತ್ತಿದ್ದರು!

ಮೋಸ ಹೆಚ್ಚು ನಡೆಯುವುದು ಲಾಂಛನಗಳಲ್ಲೇ. ಆ ಕಾಲದ ಕಸೂತಿಯ ಅಂಚು ಸಾಮಾನ್ಯವಾಗಿ ಚಪ್ಪಟೆ. ಸುತ್ತಲೂ ದಪ್ಪ ದಾರದ ಕಟ್ಟು ಇದ್ದರೆ 1960ರ ದಶಕದ ಈಚಿನದೆಂದು ಅನುಮಾನಿಸಬೇಕು. ಕಳ್ಳನೋಟು ಹಿಡಿಯಲು ಅಂಗಡಿಯವರು ಇಟ್ಟುಕೊಳ್ಳುವ ನೇರಳಾತೀತ ದೀಪವನ್ನು ಕತ್ತಲಲ್ಲಿ ಹಿಡಿದಾಗ ದಾರ ಬೆಳ್ಳಗೆ ಹೊಳೆದರೆ ಅದು ಹೊಸ ದಾರವಿರಬಹುದು. ಆದರೆ ಇದೊಂದನ್ನೇ ನಂಬಬೇಡಿ: ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೆಯ ದಾರವೂ ಹೊಳೆಯುತ್ತದೆ.

ನನಗೆ ತೀರಾ ಇಷ್ಟವಾದದ್ದು ಚೀನಾ–ಬರ್ಮಾ–ಭಾರತ ರಣರಂಗದ ಗುರಾಣಿಯಾಕಾರದ ಲಾಂಛನ. ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ, ಕೆಳಗೆ ಕೆಂಪು–ಬಿಳಿ ಪಟ್ಟೆ. ಇವುಗಳಲ್ಲಿ ಹಲವನ್ನು ನಮ್ಮ ದೇಶದ ಕುಶಲಕರ್ಮಿಗಳೇ ಜರಿ ತಂತಿಯಲ್ಲಿ ಕೈಯಿಂದ ಹೊಲಿದಿದ್ದಾರೆ. ಒಂದರಂತೆ ಇನ್ನೊಂದಿಲ್ಲ, ಒಂದರಲ್ಲಿ ಸೂರ್ಯ ಸೊಟ್ಟ, ಇನ್ನೊಂದರಲ್ಲಿ ನಕ್ಷತ್ರ ಡೊಂಕು. ಇಲ್ಲಿ ಸೊಟ್ಟಗಿರುವುದು ದೋಷವಲ್ಲ. 1943ರಿಂದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೇ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು. ಆದ್ದರಿಂದ ಇಂಥದ್ದು ನಮ್ಮ ಕಡೆಯ ಯಾವುದಾದರೂ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಕಪ್ಪಾದ ಜರಿಯನ್ನು ಮಾತ್ರ ಉಜ್ಜಬೇಡಿ.

ಪದಕಗಳಿಗೆ ಕೈಹಾಕುವುದನ್ನು ತಡಮಾಡಿ. ಗಾಯಗೊಂಡವರಿಗೆ ಕೊಡುವ, 1932ರಲ್ಲಿ ಈಗಿನ ರೂಪ ಪಡೆದ ‘ಪರ್ಪಲ್ ಹಾರ್ಟ್’ನ ಹಿಂಬದಿಯಲ್ಲಿ ಹೆಸರು ಕೆತ್ತಿದ್ದರೆ ಬೆಲೆ ಏರುತ್ತದೆ, ಹಾಗಾಗಿಯೇ ಈಚೆಗೆ ಕೆತ್ತಿಸಿದ ಹೆಸರುಗಳೂ ಇವೆ. ದಾಖಲೆ ನೋಡೋಣವೆಂದರೆ ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರಕ್ಕೆ 1973ರ ಜುಲೈನಲ್ಲಿ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಕಡತಗಳು ಸುಟ್ಟುಹೋದವು. ಕಾಗದ ಸಿಗದ ಮಾತ್ರಕ್ಕೆ ಪದಕ ನಕಲಿಯಲ್ಲ, ನಿಜ. ಆದರೆ ಮಾರುವವರಿಗೂ ಆ ಬೆಂಕಿ ಒಳ್ಳೆಯ ನೆವ. ಇನ್ನು, ಅತ್ಯುನ್ನತವಾದ ‘ಮೆಡಲ್ ಆಫ್ ಆನರ್’ ಮಾರುವುದೇ ಅಮೆರಿಕದಲ್ಲಿ ಅಪರಾಧ. ಆ ಮಾತೆತ್ತಿದವರ ಜೊತೆ ವ್ಯವಹಾರವೇ ಬೇಡ.

ತಂದ ಜಾಕೆಟ್ಟನ್ನು ಒಗೆಯಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ಹಳೆಯ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ತೇವವಿಲ್ಲದ ಕಪಾಟಿನಲ್ಲಿ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಕಾಲರಿನ ಕೆಳಗೆ, ಕಂಕುಳ ಹೊಲಿಗೆಯಲ್ಲಿ ಕಣ್ಣಾಡಿಸಿ. ಉಣ್ಣೆಗೆ ನುಸಿ ಹಿಡಿಯುವುದು ಅಲ್ಲಿಂದಲೇ.